ಹತ್ತು ನಿಮಿಷದ ಸವಾರಿಯೂ ನಮ್ಮ ಮಾತೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವವರು ವಿದ್ಯಾರ್ಥಿ ಮತ್ತು ಶಿಸ್ತು, ಪ್ರಜಾಪ್ರಭುತ್ವದ ಭವಿಷ್ಯ, ನಾನು ಮೆಚ್ಚಿದ ಕವಿ, ಇಂತಹ ವಿಷಯಗಳನ್ನು ಆರಿಸಿಕೊಳ್ಳುವುದು ರೂಢಿ. ನಾನು ಮೋಟಾರ್ ಸೈಕಲ್ಲನ್ನು ಕುರಿತು ಬರೆಯುತ್ತೇನೆಂದಾಗ ಸಂಪಾದಕ ಮಂಡಲಿಯ ಮಿತ್ರರೊಬ್ಬರು ನಕ್ಕುಬಿಟ್ಟರು. ನಗುವವರನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅವರಲ್ಲಿ ನನ್ನದೊಂದು ಪ್ರಶ್ನೆ: ಬಿಡುವಿನ ವೇಳೆಯಲ್ಲಿ ನಮ್ಮ ಕಾಲೇಜಿನ ಮರದ ಕೆಳಗೆ ಹುಡುಗರು ಗುಂಪುಕಟ್ಟಿಕೊಂಡು ಯಾವುದನ್ನು ಕುರಿತು ಮಾತನಾಡುತ್ತಾರೆ? ಪ್ರಜಾಪ್ರಭುತ್ವವನ್ನು ಕುರಿತಲ್ಲ. ಯಾವ ಗಾಡಿಯ ಪಿಕಪ್ ಹೇಗೆ, ಯಾವುದು ತಿರುವಿನಲ್ಲಿ ಹೇಗೆ ಬಾಗುತ್ತದೆ, ಟೆಸ್ಟ್ ರೈಡಿಗೆ ಹೋಗಿದ್ದವನು ಬಂದು ಏನು ಹೇಳಿದ, ಇವೇ ಅಲ್ಲಿಯ ಚರ್ಚೆ. ಇಷ್ಟೊಂದು ಜನ ಇಷ್ಟೊಂದು ಹೊತ್ತು ಆಡುವ ಮಾತು ವಿಚಾರಕ್ಕೆ ಅರ್ಹವಲ್ಲವೆಂದು ಹೇಳುವುದು ಸರಿಯಲ್ಲ. ಅಲ್ಲದೆ ಆ ಮಾತಿನಿಂದ ಒಬ್ಬರ ಮನೆಯ ಹಣವೂ ಕೆಲವೊಮ್ಮೆ ಪ್ರಾಣವೂ ಅತ್ತಿತ್ತ ಆಗುವುದುಂಟು. ಆ ಮಾತಿನಲ್ಲಿ ನಾನೂ ಒಮ್ಮೆ ತಪ್ಪಿದ್ದೇನೆ. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಾವು ನಾಲ್ವರು ಹಾಸನದ ಬಿ. ಎಂ. ರಸ್ತೆಯ ಕಡೆ ಹೊರಟೆವು. ಒಬ್ಬ, ವಾಲಿಬಾಲ್ ತಂಡದ ನೀಳಕಾಯದ ಮಿತ್ರ. ಇನ್ನೊಬ್ಬ, ನಮ್ಮ ಪಕ್ಕದ ಹಳ್ಳಿಯವನು. ತಂದೆಯಿಲ್ಲ, ತಾಯಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಇವನನ್ನು ಓದಿಸುತ್ತಿದ್ದಾರೆ. ಗಾಡಿ ಕೊಳ್ಳಬೇಕಾಗಿದ್ದುದು ಅವನೊಬ್ಬನೇ. ಮೂರನೆಯವರು ನಮ್ಮ ತರಗತಿಯ ಸಹಪಾಠಿನಿ. ತಂದೆಯ ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಸಾಗಿಸಿ ಅಭ್ಯಾಸವಿದ್ದವರು. ನಾಲ್ಕನೆಯವನು ನಾನು. ನನ್ನ ಸವಾರಿಯೆಲ್ಲ ನಮ್ಮ ತಂದೆಯ ಮೊಪೆಡ್ಡಿನ ಮೇಲೆ, ಗೊಬ್ಬರದ ಮೂಟೆಯ ಜೊತೆಯಲ್ಲಿ ನಡೆದದ್ದು.

ನಾವು ನೋಡಬೇಕೆಂದುಕೊಂಡಿದ್ದ ಯಂತ್ರಗಳು ಮೂರು. ಮೊದಲನೆಯದು ಯಮಹಾ ಆರ್ 15. ಭಾರತದಲ್ಲಿ ಇದು ಮೊದಲು ಬಂದದ್ದು 2008ರಲ್ಲಿ. 2021ರಲ್ಲಿ ಬಂದ ನಾಲ್ಕನೆಯ ಆವೃತ್ತಿಗೆ 155 ಸಿ.ಸಿ. ಎಂಜಿನ್ನು, 18.4 ಅಶ್ವಶಕ್ತಿ, ತೂಕ ಸುಮಾರು 142 ಕಿಲೋ. ಎರಡನೆಯದು 2019ರಲ್ಲಿ ಬಂದ ಸುಜುಕಿ ಜಿಕ್ಸರ್ ಎಸ್. ಎಫ್. 250, 249 ಸಿ.ಸಿ., 26.5 ಅಶ್ವಶಕ್ತಿ, ತೂಕ 160 ಕಿಲೋಗಿಂತ ತುಸು ಹೆಚ್ಚು. ಮೂರನೆಯದು ಹೊಸೂರಿನ ಟಿ.ವಿ.ಎಸ್. ಕಂಪನಿಯವರ ಅಪಾಚೆ ಆರ್. ಆರ್. 310, 312 ಸಿ.ಸಿ. 2017ರ ಡಿಸೆಂಬರಿನಲ್ಲಿ ಇದು ಹೊರಬಂದಾಗ 34 ಅಶ್ವಶಕ್ತಿಯದಾಗಿದ್ದಿತು, 2024ರಲ್ಲಿ 38ಕ್ಕೆ ಏರಿತು. ಮೂರಕ್ಕೂ ಗಾಳಿಯನ್ನು ಸೀಳುವ ಹೊದಿಕೆಯುಂಟು, ಮೂರರಲ್ಲಿಯೂ ಸವಾರನು ಕೊಂಚವಾದರೂ ಮುಂದಕ್ಕೆ ಬಾಗಿ ಕೂಡಬೇಕು. ನಮ್ಮ ಅಧ್ಯಾಪಕರ ಪೀಳಿಗೆಯವರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನೂ, 1985ರಲ್ಲಿ ಬಂದ ಆರ್. ಎಕ್ಸ್. 100ನ್ನೂ ನೆನೆದು ನಿಟ್ಟುಸಿರು ಬಿಡುವಂತೆ, ಮುಂದೆ ನಾವು ಇವುಗಳನ್ನು ನೆನೆದು ನಿಟ್ಟುಸಿರು ಬಿಡುವೆವೇನೋ.

ಟೆಸ್ಟ್ ರೈಡು ಎಂಬುದು ಎಲ್ಲರಿಗೂ ಸಮನಾಗಿ ಸಿಕ್ಕುವ ವಸ್ತುವಲ್ಲವೆಂಬುದು ಅಂದು ನನಗೆ ತಿಳಿಯಿತು. ಒಂದು ಮಳಿಗೆಯಲ್ಲಿ ನೀಳಕಾಯದ ಮಿತ್ರನಿಗೆ “ಬನ್ನಿ ಸರ್” ಎಂದವರು ನನ್ನ ಕಾಲಿನ ಹವಾಯಿ ಚಪ್ಪಲಿಯನ್ನು ನೋಡಿ, “ಏನು ಬೇಕಿತ್ತಪ್ಪಾ?” ಎಂದರು. ಚಪ್ಪಲಿಯಲ್ಲಿ ಗಾಡಿ ಕೊಡುವುದಿಲ್ಲವೆಂಬ ನಿಯಮವಿದೆಯೆಂದರು. ನಿಯಮ ಒಳ್ಳೆಯದೇ. ಗೇರಿನ ಕಡ್ಡಿಗೂ ಬಿಸಿಯಾದ ಕೊಳವೆಗೂ ಬರಿಯ ಬೆರಳನ್ನು ಒಡ್ಡಬಾರದು. ಆದರೆ ಅರ್ಧ ಗಂಟೆಯ ಹಿಂದೆ ಕಾರಿನಿಂದಿಳಿದು ಬಂದ ಯುವಕನೊಬ್ಬ ಚರ್ಮದ ಚಪ್ಪಲಿಯಲ್ಲಿಯೇ ಅದೇ ಗಾಡಿಯನ್ನು ಏರಿ ಹೋಗಿದ್ದುದನ್ನು ನಾವೆಲ್ಲ ಕಂಡಿದ್ದೆವು. ನಮ್ಮ ಸಹಪಾಠಿನಿಗಂತೂ, “ಸ್ಕೂಟರು ಆ ಕಡೆ ಇದೆ ಮೇಡಂ” ಎಂಬ ಉತ್ತರ ದೊರೆಯಿತು. ಅವರು ಲೈಸೆನ್ಸನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತರು. ಕಡೆಗೆ ಕೊಟ್ಟರು. ನಾನು ಮಿತ್ರನ ಬೂಟನ್ನು ಎರವಲು ಪಡೆದು ಹತ್ತಿದೆ. ಈ ಬೂಟಿನ ಸಂಗತಿಯನ್ನು ಸುಮ್ಮನೆ ಹೇಳುತ್ತಿಲ್ಲ. ಮುಂದೆ ನಾನು ಆಡಿದ ಮಾತಿಗೂ ಇದಕ್ಕೂ ಸಂಬಂಧವುಂಟು.

ಎಲ್ಲ ಮುಗಿದ ಮೇಲೆ ಹೋಟೆಲೊಂದರಲ್ಲಿ ಕಾಫಿ ಮುಂದಿಟ್ಟುಕೊಂಡು ಅನುಭವಗಳನ್ನು ಹೋಲಿಸತೊಡಗಿದೆವು. ಒಂದೇ ದಿನ, ಒಂದೇ ರಸ್ತೆ, ಅವೇ ಮೂರು ಯಂತ್ರಗಳು. ಆದರೂ ಕೇಳುವವರಿಗೆ ನಾವು ಹನ್ನೆರಡು ಯಂತ್ರಗಳನ್ನು ಓಡಿಸಿ ಬಂದೆವೆಂದು ತೋರಬೇಕು! ನೀಳಕಾಯದವನಿಗೆ ಒಂದರಲ್ಲಿ ಮೊಣಕಾಲು ತಾಗಿತು, ಆದ್ದರಿಂದ ಅದು ‘ಆಟಿಕೆ’. ಹಳ್ಳಿಯ ಗೆಳೆಯನಿಗೆ ಅದೇ ಯಂತ್ರ ‘ಮೈಗೆ ಹೊಲಿಸಿದ ಅಂಗಿಯಂತೆ’ ಇದ್ದಿತು. ಒಬ್ಬನಿಗೆ ಹಗುರವಾಗಿ ತೋರಿದ ಕ್ಲಚ್ಚು ಇನ್ನೊಬ್ಬನಿಗೆ ಬಿಗಿ. ಒಬ್ಬನು ‘ಎಳೆತ’ ಎಂದದ್ದನ್ನು ಮತ್ತೊಬ್ಬನು ‘ನಡುಕ’ ಎಂದನು. ಮೇಜಿನ ಮೇಲೆ ಗುದ್ದಿ ಗುದ್ದಿ ವಾದ ಮಾಡಿದೆವು.

ಅಷ್ಟರಲ್ಲಿ ಸಹಪಾಠಿನಿ ಒಂದು ಮಾತು ಹೇಳಿದರು. “ನಾನು ಐದಡಿ ಒಂದಂಗುಲ ಇದ್ದೀನಿ. ಮೂರರ ಸೀಟೂ ಎಂಟುನೂರು ಮಿಲಿಮೀಟರಿನ ಆಸುಪಾಸು. ಓಡುವಾಗ ಮೂರೂ ಚೆನ್ನಾಗೇ ಇತ್ತು. ನಿಲ್ಲಿಸಿದಾಗ ನನಗೆ ಒಂದು ಕಾಲಿನ ತುದಿ ಮಾತ್ರ ಸಿಗೋದು. ರಸ್ತೆ ಪಕ್ಕ ಇಳಿಜಾರಿದ್ದರೆ ಅದೂ ಇಲ್ಲ. ಹಗುರವಾದದ್ದನ್ನ ಹಿಡಿದುಕೊಳ್ಳಬಲ್ಲೆ, ಭಾರವಾದದ್ದನ್ನ ಬೀಳಿಸ್ತೀನಿ. ನನಗೆ ಗೊತ್ತಾದದ್ದು ಇಷ್ಟೆ.” ಆ ದಿನ ನಾವು ಆಡಿದ ಮಾತುಗಳಲ್ಲೆಲ್ಲ ಪ್ರಯೋಜನಕ್ಕೆ ಬರುವಂತಹದು ಇದೊಂದೇ ಎಂದು ಈಗ ನನಗೆ ತೋರುತ್ತದೆ. ಏಕೆಂದರೆ ಅವರು ಯಂತ್ರವನ್ನು ಕುರಿತು ಹೇಳುವ ಮೊದಲು ತಮ್ಮನ್ನು ಕುರಿತು ಹೇಳಿದರು. ಕೇಳಿದವನು ತನ್ನ ಎತ್ತರವನ್ನು ಅದರ ಪಕ್ಕದಲ್ಲಿಟ್ಟು ನೋಡಿಕೊಳ್ಳಬಹುದಾಗಿತ್ತು.

ನನ್ನ ಮೊದಲನೆಯ ಅಭಿಪ್ರಾಯವೇ ಇದು. ಸವಾರನ ಅನುಭವವೆಂಬುದು ಯಂತ್ರದ ಗುಣವೂ ಸವಾರನ ಗುಣವೂ ಸೇರಿ ಆದ ವಸ್ತು. ನಮ್ಮ ಅಲಂಕಾರಶಾಸ್ತ್ರದ ಪಾಠದಲ್ಲಿ, ಕಾವ್ಯಕ್ಕೆ ಕವಿಯೆಷ್ಟೋ ಸಹೃದಯನೂ ಅಷ್ಟೇ ಅವಶ್ಯಕನೆಂದು ಅಧ್ಯಾಪಕರು ಹೇಳಿದ್ದು ನೆನಪಾಗುತ್ತದೆ. ಹಾಗಿರುವಾಗ “ಈ ಗಾಡಿ ಕೆಟ್ಟದ್ದು”, “ಆ ಗಾಡಿ ಬೆಂಕಿ” ಎಂದು ತೀರ್ಪು ಕೊಡುವವನು ತನ್ನ ಎತ್ತರ, ತೂಕ, ಇಲ್ಲಿಯವರೆಗೆ ಓಡಿಸಿದ ಗಾಡಿ, ಅಂದು ಹೋದ ರಸ್ತೆ, ಇವನ್ನು ಹೇಳದಿದ್ದರೆ ಅವನ ಮಾತಿನಲ್ಲಿ ಅರ್ಧ ಮಾತ್ರ ಇದೆ. ಮೊಪೆಡ್ಡಿನಿಂದ ಇಳಿದು ಬಂದ ನನಗೆ 155 ಸಿ.ಸಿ.ಯೂ ಸಿಡಿಲಿನಂತೆ, ದಿನವೂ ದೊಡ್ಡ ಗಾಡಿ ಓಡಿಸುವವನಿಗೆ ಅದು ಸೈಕಲ್ಲು.

ಎರಡನೆಯದಾಗಿ, ಹತ್ತು ನಿಮಿಷದಲ್ಲಿ ತಿಳಿಯಬಹುದಾದದ್ದನ್ನೂ ತಿಳಿಯಲಾಗದ್ದನ್ನೂ ನಾವು ಬೇರ್ಪಡಿಸುವುದಿಲ್ಲ. ಆರ್ 15 ಯಂತ್ರದ 18.4 ಅಶ್ವಶಕ್ತಿ ಹೊರಬರುವುದು ಎಂಜಿನ್ನು ನಿಮಿಷಕ್ಕೆ 10,000 ಸುತ್ತು ಸುತ್ತಿದಾಗ; ಜಿಕ್ಸರಿನದು 9,300ರಲ್ಲಿ; ಅಪಾಚೆಯ ಮೊದಲಿನ ಆವೃತ್ತಿಯದು 9,700ರಲ್ಲಿ. ಆಟೋಗಳೂ ದನಗಳೂ ಬಸ್ಸುಗಳೂ ಇರುವ ಊರಿನ ರಸ್ತೆಯಲ್ಲಿ, ಹಿಂದೆ ಮಳಿಗೆಯ ಹುಡುಗನನ್ನು ಕೂರಿಸಿಕೊಂಡು, ನಾಲ್ಕು ಸಾವಿರ ಸುತ್ತಿನ ಮೇಲೆ ಹೋಗದೆ ಹಿಂತಿರುಗಿದವನು ಈ ಶಕ್ತಿಗಳ ತಾರತಮ್ಯವನ್ನು ಕಂಡೆನೆನ್ನುವುದು ಹೇಗೆ? ಅವನು ಕಂಡದ್ದು ಕೆಳಗಿನ ಸುತ್ತುಗಳ ಎಳೆತವನ್ನು. ದಿನನಿತ್ಯದ ಬಳಕೆಗೆ ಬೇಕಾದದ್ದೂ ಅದೇ. ಅದನ್ನೇ ಹೇಳಿದ್ದರೆ ಸಾಕಾಗಿತ್ತು. ಆದರೆ ನಾವು ಮೂವರೂ ಗಂಡಸರು ಓದಿಕೊಂಡು ಹೋಗಿದ್ದ ಅಂಕಿಗಳನ್ನೇ ಅನುಭವವೆಂದು ಹಿಂದಕ್ಕೆ ತಂದೆವು.

ಇನ್ನೂ ಒಂದು ಸಂಗತಿ. ಟೆಸ್ಟ್ ರೈಡಿಗೆ ಇಟ್ಟ ಗಾಡಿಯನ್ನು ಊರವರೆಲ್ಲ ಎಳೆದಾಡಿರುತ್ತಾರೆ. ಚೈನು ಸಡಿಲವಾಗಿರಬಹುದು, ಟೈರಿನಲ್ಲಿ ಗಾಳಿ ಕಡಮೆಯಿರಬಹುದು. ಗಾಳಿ ಕಡಮೆಯಾದ ಟೈರಿನ ಗಾಡಿ ತಿರುವಿನಲ್ಲಿ ಭಾರವಾಗಿ ತಿರುಗುತ್ತದೆ. ಸವಾರನು ಅದನ್ನು ಕಂಪನಿಯ ದೋಷವೆಂದು ತಿಳಿದು ಮರದ ಕೆಳಗೆ ಬಂದು ಸಾರುತ್ತಾನೆ. ಆದುದರಿಂದಲೇ ನಾನಿಲ್ಲಿ ಯಾವ ಯಂತ್ರದಲ್ಲಿ ಮೊಣಕಾಲು ತಾಗಿತು, ಯಾವುದರ ಕ್ಲಚ್ಚು ಬಿಗಿಯಾಗಿತ್ತು ಎಂಬುದನ್ನು ಬರೆದಿಲ್ಲ.

ಹಾಗಾದರೆ ಪರೀಕ್ಷಾ ಸವಾರಿ ನಿರರ್ಥಕವೇ? ಖಂಡಿತ ಅಲ್ಲ. ಕೈ ಕಾಲುಗಳು ಎಲ್ಲಿಗೆ ಬರುತ್ತವೆ, ನಿಂತಾಗ ನೆಲ ಸಿಗುತ್ತದೆಯೆ, ಮಣಿಕಟ್ಟಿನ ಮೇಲೆ ಎಷ್ಟು ಭಾರ ಬೀಳುತ್ತದೆ, ಕನ್ನಡಿಯಲ್ಲಿ ರಸ್ತೆ ಕಾಣುತ್ತದೆಯೋ ನಮ್ಮ ಮೊಣಕೈ ಕಾಣುತ್ತದೆಯೋ, ಬ್ರೇಕು ಬೆರಳಿಗೆ ಹೇಗೆ ಮಾತನಾಡುತ್ತದೆ, ಇವೆಲ್ಲ ಹತ್ತು ನಿಮಿಷದಲ್ಲಿ ತಿಳಿಯುತ್ತವೆ. ತಿಳಿಯದಿರುವುವು: ಜುಲೈ ತಿಂಗಳಲ್ಲಿ ಸಕಲೇಶಪುರದ ಕಡೆಯ ಮಳೆ, ರಾತ್ರಿಯ ದೀಪ, ಲೀಟರಿಗೆ ಎಷ್ಟು ಕಿಲೋಮೀಟರು, ಎರಡನೆಯ ವರ್ಷದ ಸರ್ವೀಸಿನ ಬಿಲ್ಲು, ಮತ್ತು ಹಿಂದೆ ಕೂಡುವವರ ಪಾಡು. ಈ ಯಂತ್ರಗಳ ರೂಪ ಬಂದದ್ದು ಪಂದ್ಯದ ಪಥಗಳಿಂದ. ಮದರಾಸಿನ ಬಳಿ ಇರುಂಗಾಟ್ಟುಕೋಟೈನಲ್ಲಿ ಸುಮಾರು 3.7 ಕಿಲೋಮೀಟರಿನ ಅಂತಹ ಪಥವೊಂದಿದೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಹಿಂದೆ ಯಾರೂ ಕೂಡುವುದಿಲ್ಲ. ನಮ್ಮ ರಸ್ತೆಯಲ್ಲಿ ಎರಡೂ ಉಂಟು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೂರು ಗಾಡಿಗಳ ಪೈಕಿ ಒಂದನ್ನು ನಾನು ಓಡಿಸುತ್ತಿದ್ದಾಗ ರಸ್ತೆ ಸ್ವಲ್ಪ ಬರಿದಾಗಿ ಕಂಡಿತು. ಕೈ ತಿರುಗಿಸಿದೆ. ಗಾಡಿ ಎಲ್ಲಿಗೆ ಹೋಯಿತೋ ನನಗೆ ತಿಳಿಯುವಷ್ಟರಲ್ಲಿ ಅಡ್ಡರಸ್ತೆಯಿಂದ ಟ್ರ್ಯಾಕ್ಟರೊಂದು ಮೂತಿ ಹಾಕಿತು. ಎರಡು ಬ್ರೇಕನ್ನೂ ಒತ್ತಿದೆ. ಕಾಲಿನ ಕೆಳಗೆ ಪೆಡಲು ಟಕಟಕನೆ ಬಡಿದುಕೊಂಡಿತು. ಗಾಡಿ ಜಾರದೆ, ಟ್ರ್ಯಾಕ್ಟರಿನ ಚಕ್ರಕ್ಕೆ ಎರಡು ಮಾರು ದೂರದಲ್ಲಿ ನಿಂತಿತು. ಆ ಬಡಿತವೇ ಎ.ಬಿ.ಎಸ್. ಎಂದು ಆಮೇಲೆ ತಿಳಿಯಿತು. ಚಕ್ರ ಕಚ್ಚಿಕೊಳ್ಳದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಏರ್ಪಾಡು ಅದು. 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದಲೂ, ಆ ವರ್ಗದ ಉಳಿದೆಲ್ಲ ಹೊಸ ಗಾಡಿಗಳಿಗೆ 2019ರ ಏಪ್ರಿಲಿನಿಂದಲೂ ಸರಕಾರ ಅದನ್ನು ಕಡ್ಡಾಯ ಮಾಡಿದೆ. ಆ ನಿಯಮ ಮಾಡಿದವರಿಗೆ ನಾನು ಋಣಿ.

ಹಿಂತಿರುಗಿದಾಗ ನನ್ನ ಕೈ ನಡುಗುತ್ತಿದ್ದಿತು. ಬೀಗದ ಕೈಯನ್ನು ಕೊಡುವಾಗ ಅದು ಕಾಣಬಾರದೆಂದು ಬೇಗ ಜೇಬಿಗೆ ಕೈ ಹಾಕಿಕೊಂಡೆ. ಹಳ್ಳಿಯ ಗೆಳೆಯ ಕೇಳಿದ: “ಹೆಂಗಿತ್ತೋ?” ನಾನೆಂದೆ: “ಸೂಪರ್ ಕಣೋ. ನೆಲ ಕಚ್ಚಿಕೊಂಡು ಹೋಗುತ್ತೆ. ತಗೊಂಡರೆ ಇದನ್ನೇ ತಗೋ.”

ಏಕೆ ಹಾಗೆಂದೆ? ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಎರವಲು ಬೂಟಿನಲ್ಲಿ ನಿಂತಿದ್ದವನು ನಾನು. ಮಳಿಗೆಯ ಆ ಮನುಷ್ಯ ಪಕ್ಕದಲ್ಲಿಯೇ ಇದ್ದ. ಹೆದರಿದೆನೆಂದರೆ, ‘ಹವಾಯಿ ಚಪ್ಪಲಿಯವನಿಗೆ ಇದು ತಕ್ಕುದಲ್ಲ’ ಎಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ತಿಳಿಯದ್ದನ್ನು ತಿಳಿದವನಂತೆ ತಲೆಯಾಡಿಸುವ ಅಭ್ಯಾಸ ಈ ಮೂರು ವರ್ಷಗಳಲ್ಲಿ ನನಗೆ ಚೆನ್ನಾಗಿಯೇ ಆಗಿದೆ. ತರಗತಿಯಲ್ಲಿ ಅದರಿಂದ ಆಗುವ ನಷ್ಟ ನನ್ನೊಬ್ಬನದು. ಅಂದು ಆದದ್ದು ಹಾಗಲ್ಲ. ಮರುದಿನವೇ ಗೆಳೆಯ ಮುಂಗಡ ಕಟ್ಟಿ ಬಂದ. “ನೀನೇ ಹೇಳಿದ ಮೇಲೆ ಇನ್ನೇನು” ಎಂದ.

ಆ ಹಣದ ಲೆಕ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಅವನಿಗೆ ಮಾಡಿ ತೋರಿಸಬಹುದಾಗಿತ್ತು. ಉದಾಹರಣೆಗೆ 1,80,000 ರೂಪಾಯಿ ಸಾಲವನ್ನು ವರ್ಷಕ್ಕೆ ಶೇಕಡ 12ರ ಬಡ್ಡಿಯಲ್ಲಿ ಮೂವತ್ತಾರು ತಿಂಗಳ ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 6,000 ರೂಪಾಯಿ. ಒಟ್ಟು ಬಡ್ಡಿಯೇ 35,000ದ ಆಸುಪಾಸು. ಎರಡು ಹಸುವಿನ ಹಾಲಿನ ಹಣದಲ್ಲಿ ಹಿಂಡಿ ಬೂಸಾ ಕಳೆದು ಉಳಿಯುವುದೆಷ್ಟೆಂಬುದನ್ನು ಹಳ್ಳಿಯಿಂದ ಬರುವ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ವೇಗದ ಲೆಕ್ಕವನ್ನು ಹೇಳಿಕೊಟ್ಟವನು ವಿಜ್ಞಾನ ಓದುತ್ತಿರುವ ಮಿತ್ರನೊಬ್ಬ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವವನು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತಾನೆ. ಅಪಾಯವನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೂ ಆ 17 ಮೀಟರು ಹೋಯಿತು. ಒಳ್ಳೆಯ ಒಣರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು 20 ಮೀಟರು. ವೇಗ ಇಮ್ಮಡಿಯಾಗಿ 120 ಆದರೆ ಈ 20 ಮೀಟರು ನಲವತ್ತಾಗುವುದಿಲ್ಲ, ಎಂಬತ್ತಾಗುತ್ತದೆ. ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಮರದ ಕೆಳಗಿನ ನಮ್ಮ ಹೋಲಿಕೆಗಳಲ್ಲಿ ಪಿಕಪ್ಪಿಗೆ ಒಂದು ಗಂಟೆ. ನಿಲ್ಲುವ ದೂರಕ್ಕೆ ಒಂದು ನಿಮಿಷವೂ ಇಲ್ಲ.

ಎಂಟು ದಿನ ತಡೆದು, ಬಸ್ ನಿಲ್ದಾಣದಲ್ಲಿ ಅವನಿಗೆ ನಿಜವನ್ನು ಹೇಳಿದೆ. ಟ್ರ್ಯಾಕ್ಟರಿನ ಕಥೆ, ಕೈ ನಡುಗಿದ್ದು, ಎಲ್ಲವನ್ನೂ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಹೇಳ್ತೀಯಲ್ಲೋ” ಎಂದ. ಇನ್ನೇನೂ ಅನ್ನಲಿಲ್ಲ. ಗಾಡಿಯನ್ನು ಕೊಂಡ. ಜಾಗರೂಕತೆಯಿಂದ ಓಡಿಸುತ್ತಾನೆ, ಹೆಲ್ಮೆಟ್ ಮರೆಯುವುದಿಲ್ಲ, ಸಂಜೆ ಕೆಲಸ ಮಾಡಿ ಕಂತು ಕಟ್ಟುತ್ತಿದ್ದಾನೆ. ಅವನಿಗೆ ಆ ಗಾಡಿಯಲ್ಲಿ ಸಂತೋಷವಿದೆ. ಆ ಸಂತೋಷವನ್ನು ಹಳಿಯುವ ಅಧಿಕಾರ ನನಗಿಲ್ಲ. ಬಡವನ ಮಗ ಅಂದವಾದ ವಸ್ತುವನ್ನು ಬಯಸಬಾರದೆಂದು ಉಪದೇಶ ಮಾಡುವವರ ಗುಂಪಿಗೆ ನಾನು ಸೇರುವುದೂ ಇಲ್ಲ.

ಆದರೆ ಒಂದು ದಿನ ಅವರ ಮನೆಯ ಮುಂದೆ ಕಂಡ ದೃಶ್ಯ ನನ್ನ ಮನಸ್ಸಿನಿಂದ ಹೋಗಿಲ್ಲ. ತಾಯಿಯನ್ನು ಮಂಡಿನೋವಿಗೆ ತೋರಿಸಲು ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ಇಂತಹ ಗಾಡಿಗಳಲ್ಲಿ ಹಿಂದಿನ ಆಸನ ಮುಂದಿನದಕ್ಕಿಂತ ಎತ್ತರ, ಅಗಲವೂ ಕಡಮೆ. ಸೀರೆಯುಟ್ಟು ಪಕ್ಕಕ್ಕೆ ಕೂಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ ಅದು. ಆ ತಾಯಿ ಎರಡು ಸಲ ಪ್ರಯತ್ನಪಟ್ಟರು. ಮೂರನೆಯ ಸಲ ನಕ್ಕು ಇಳಿದುಬಿಟ್ಟು, “ಇದು ನೀನೊಬ್ಬನೇ ಕೂರಕ್ಕೆ ಮಾಡಿರೋ ಗಾಡಿ ಕಣ್ಮಗ. ನಾನು ಬಸ್ಸಲ್ಲೇ ಬತ್ತೀನಿ, ನೀನು ಮುಂದೆ ಹೋಗಿ ಚೀಟಿ ಮಾಡಿಸಿರು” ಎಂದರು. ಅವನು ನನ್ನ ಕಡೆ ನೋಡಲಿಲ್ಲ. ನಾವು ನಾಲ್ವರು ಮೂರು ಯಂತ್ರಗಳನ್ನು ಹೋಲಿಸಿ ಗಂಟೆಗಟ್ಟಲೆ ಮಾತನಾಡಿದ್ದೆವು. ಹಿಂದಿನ ಆಸನದಲ್ಲಿ ಒಬ್ಬರಾದರೂ ಕುಳಿತು ನೋಡಿರಲಿಲ್ಲ.

ಆದುದರಿಂದ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟು. ಪರೀಕ್ಷಾ ಸವಾರಿಗೆ ಹೋಗಿ, ಖಂಡಿತ ಹೋಗಿ. ಬೂಟು ಹಾಕಿಕೊಂಡು, ಹೆಲ್ಮೆಟ್ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಮನೆಯವರೊಬ್ಬರನ್ನು ಕರೆದೊಯ್ದು ಹಿಂದೆ ಕೂರಿಸಿ ನೋಡಿ. ಹೊರಡುವ ಮುನ್ನ ಟೈರಿನ ಗಾಳಿ ನೋಡಿ. ಹಿಂತಿರುಗಿದ ಮೇಲೆ ಹೋಲಿಸಿ ಮಾತನಾಡಿ. ಅದರ ಸುಖವೇ ಬೇರೆ, ನಾನು ಬಲ್ಲೆ. ಆದರೆ ಮೊದಲು ನೀವು ಯಾರು, ಎಲ್ಲಿ ಓಡಿಸಿದಿರಿ, ಎಷ್ಟು ಹೊತ್ತು ಓಡಿಸಿದಿರಿ ಎಂಬುದನ್ನು ಹೇಳಿ. ಕಂಡದ್ದನ್ನು ಮಾತ್ರ ಹೇಳಿ. ಓದಿದ್ದನ್ನು ಓದಿದ್ದೆಂದೇ ಹೇಳಿ. ಹೆದರಿದ್ದರೆ ಹೆದರಿದೆನೆಂದೂ ಹೇಳಿ. ಕೇಳುತ್ತಿರುವವರಲ್ಲಿ ಒಬ್ಬನಾದರೂ ಆ ಮಾತನ್ನು ನಂಬಿಕೊಂಡು ಮರುದಿನ ಮುಂಗಡ ಕಟ್ಟುವವನಿರುತ್ತಾನೆ.

ಇನ್ನು ಕೆಲವು ತಿಂಗಳುಗಳಲ್ಲಿ ನಾವು ಪದವೀಧರರಾಗುತ್ತೇವೆ. ನಮ್ಮ ಹಳ್ಳಿಗಳಲ್ಲಿ ‘ಓದಿದವನು ಹೇಳಿದ’ ಎಂಬ ಮಾತಿಗೆ ಈಗಲೂ ತೂಕವುಂಟು. ಸಾಲದ ಕಾಗದವಿರಲಿ, ಔಷಧಿಯಿರಲಿ, ಬಿತ್ತನೆಯ ಬೀಜವಿರಲಿ, ಜನ ನಮ್ಮನ್ನು ಕೇಳುತ್ತಾರೆ. ಅಂದು ಗೆಳೆಯ ನನ್ನನ್ನು ಕೇಳಿದ್ದೂ ಹಾಗೆಯೇ. ಮುಂದೆ ಕೇಳುವವರಿಗೆ, ತಿಳಿಯದಿದ್ದರೆ ತಿಳಿಯದೆಂದು ಹೇಳುವಷ್ಟು ಧೈರ್ಯ ನನಗೆ ಬರಲೆಂದು ಹಾರೈಸುತ್ತೇನೆ. ನನ್ನ ಅಭಿಪ್ರಾಯದಲ್ಲಿ ದೋಷವಿದ್ದರೆ ಅಧ್ಯಾಪಕರೂ ಮಿತ್ರರೂ ತಿದ್ದಬೇಕಾಗಿ ಕೋರುತ್ತೇನೆ.